ಎಚ್ ಒತ್ತಿದರೆ ಎಡಕ್ಕೆ

ಮಕ್ಕಳೇ, ನಿಮ್ಮ ಅಪ್ಪ ಅಥವಾ ಅಮ್ಮ ಸಾಫ್ಟ್‌ವೇರ್ ಕೆಲಸದಲ್ಲಿದ್ದರೆ, ಪ್ರೋಗ್ರಾಂ ಬರೆಯುವಾಗ ಅವರ ಬೆರಳುಗಳನ್ನು ಗಮನಿಸಿ. ಕೆಲವರು ಮೌಸ್ ಮುಟ್ಟುವುದಿಲ್ಲ, ಬಾಣದ ಕೀಲಿಗಳನ್ನೂ ಮುಟ್ಟುವುದಿಲ್ಲ. ಎಚ್ ಒತ್ತಿದರೆ ಕರ್ಸರ್ ಎಡಕ್ಕೆ, ಜೆ ಒತ್ತಿದರೆ ಕೆಳಕ್ಕೆ, ಕೆ ಮೇಲಕ್ಕೆ, ಎಲ್ ಬಲಕ್ಕೆ. ‘ಇದೇ ಅಕ್ಷರಗಳು ಯಾಕೆ?’ ಎಂದು ಕೇಳಿ. ‘ಅಭ್ಯಾಸ ಕಣೋ’ ಎಂದರೆ ಈ ಲೇಖನವನ್ನು ಅವರಿಗೂ ಓದಿಸಿ.

ಈ ಕಥೆ ಶುರುವಾಗುವುದು ಪರದೆಯೇ ಇಲ್ಲದ ಕಾಲದಲ್ಲಿ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ‘ಎಡ್’ ಎಂಬ ಎಡಿಟರ್ ಬರೆದರು. ಆಗ ಕಂಪ್ಯೂಟರ್ ಜೊತೆ ಮಾತಾಡಲು ಇದ್ದದ್ದು ಟೆಲಿಟೈಪ್. ಟೈಪ್‌ರೈಟರಿನಂಥ ಆ ಯಂತ್ರ ಕಾಗದದ ಸುರುಳಿಯ ಮೇಲೆ ಸೆಕೆಂಡಿಗೆ 10 ಅಕ್ಷರ ಕುಟ್ಟುತ್ತಿತ್ತು. ಕಂಪ್ಯೂಟರ್ ಏನೇ ಹೇಳಿದರೂ ಅದನ್ನು ಕುಟ್ಟಿ ಮುಗಿಸುವ ತನಕ ಕಾಯಬೇಕು. ಹಾಗಾಗಿ ಎಡ್ ಮಹಾ ಮಿತಭಾಷಿ. ತೆರೆದಾಗ ‘ಏನು ಮಾಡಲಿ?’ ಎಂದು ಕೇಳುವುದಿಲ್ಲ, ನಿಮ್ಮ ಮಾತಿಗೆ ಕಾದಿದ್ದೇನೆ ಎನ್ನುವ ಒಂದು ಗುರುತೂ ಇಲ್ಲ. ತಪ್ಪಾದರೆ ಬರುವುದು ಒಂದೇ ಒಂದು ‘?’. ಗಣಿತದ ಮೇಷ್ಟ್ರು ಪುಸ್ತಕದ ಅಂಚಿನಲ್ಲಿ ಕೆಂಪು ಪ್ರಶ್ನಾರ್ಥಕ ಹಾಕಿ ಕೊಟ್ಟ ಹಾಗೆ. ತಪ್ಪು ಎಲ್ಲಿ ಅಂತ ನೀವೇ ಹುಡುಕಿಕೊಳ್ಳಬೇಕು.

ಮುಂದಿನ ಘಟನೆ ನಡೆದದ್ದು ನಮ್ಮ ಲಂಡನ್ನಿನಲ್ಲೇ. ಸೆಂಟ್ರಲ್ ಲೈನಿನಲ್ಲಿ ಮೈಲ್ ಎಂಡ್ ದಾಟುತ್ತೀರಲ್ಲ, ಅಲ್ಲಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಜಾರ್ಜ್ ಕುಲೂರಿಸ್ ಪಾಠ ಮಾಡುತ್ತಿದ್ದರು. ಅಷ್ಟರಲ್ಲಿ ಪರದೆಯುಳ್ಳ ಟರ್ಮಿನಲ್‌ಗಳು ಬಂದಿದ್ದವು. ಎಡ್ ಅಮರರಿಗೆ ಸರಿ, ಮರ್ತ್ಯರಿಗೆ ಬೇರೆಯದೇ ಬೇಕು ಎಂದು ಅವರು 1976ರಲ್ಲಿ ‘ಎಮ್’ ಬರೆದರು. ಹೆಸರಿನ ಅರ್ಥವೇ ‘ಮರ್ತ್ಯರ ಎಡಿಟರ್’! ಒಂದು ಸಾಲನ್ನು ಕಣ್ಣೆದುರೇ ಇಟ್ಟುಕೊಂಡು ಕರ್ಸರ್ ಓಡಿಸುತ್ತ ತಿದ್ದಬಹುದಿತ್ತು. ಥಾಂಪ್ಸನ್ ಇದನ್ನು ನೋಡಿ, ತನಗೆ ಇಂಥದ್ದು ಬೇಕಿಲ್ಲ ಎಂದರಂತೆ. ಅಮರರು ಅಮರರೇ.

ಅದೇ ಬೇಸಿಗೆಯಲ್ಲಿ ಕುಲೂರಿಸ್ ಎಮ್ ಅನ್ನು ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಒಯ್ದರು. ಅಲ್ಲಿನ ವಿದ್ಯಾರ್ಥಿ ಬಿಲ್ ಜಾಯ್ ಅದಕ್ಕೆ ಮಾರುಹೋದರು. ಅದನ್ನೇ ತಿದ್ದಿ ಬೆಳೆಸುತ್ತ ಹೋಗಿ ಕೊನೆಗೆ ಇಡೀ ಪರದೆಯಲ್ಲಿ ಓಡಾಡಬಲ್ಲ ‘ವಿಐ’ ಮಾಡಿದರು. ಅವರ ಮನೆಯಲ್ಲಿದ್ದದ್ದು ಎಡಿಎಂ-3ಎ ಟರ್ಮಿನಲ್. ಅದರಲ್ಲಿ ಪ್ರತ್ಯೇಕ ಬಾಣದ ಕೀಲಿಗಳಿರಲಿಲ್ಲ. ಬಾಣಗಳನ್ನು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೇ ಅಚ್ಚು ಹಾಕಿದ್ದರು.

ಅಲ್ಲೇ ಯಾಕೆ? ಇಂಗ್ಲಿಷ್ ಅಕ್ಷರಗಳನ್ನು ಬೆರಳೆಣಿಸಿ. ಎಚ್ 8ನೆಯದು, ಜೆ 10ನೆಯದು. ಕಂಪ್ಯೂಟರಿನ ಆಸ್ಕಿ ಪಟ್ಟಿಯಲ್ಲಿ 8 ಎಂದರೆ ಒಂದು ಅಕ್ಷರ ಹಿಂದಕ್ಕೆ, 10 ಎಂದರೆ ಒಂದು ಸಾಲು ಕೆಳಕ್ಕೆ. ಕಂಟ್ರೋಲ್ ಜೊತೆ ಎಚ್ ಒತ್ತಿದರೆ 8 ಹೋಗುತ್ತದೆ, ಜೆ ಒತ್ತಿದರೆ 10. ಪಕ್ಕದ ಕೆ ಮತ್ತು ಎಲ್ ಕೀಲಿಗಳಿಗೆ ಮೇಲೆ, ಬಲಕ್ಕೆ ಎಂಬ ಕೆಲಸ ಸಿಕ್ಕಿತು.

ಫೋನ್ ತಂತಿಯೂ ನಿಧಾನ. ಜಾಯ್ ಅವರ ಮೋಡೆಮ್ ಸೆಕೆಂಡಿಗೆ ಸುಮಾರು 30 ಅಕ್ಷರ ಸಾಗಿಸುತ್ತಿತ್ತು. ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ. ಪೂರ್ತಿ ತುಂಬಲು ಒಂದು ನಿಮಿಷಕ್ಕೂ ಹೆಚ್ಚು ಬೇಕು, ಲೆಕ್ಕ ಹಾಕಿ ನೋಡಿ. ಆದ್ದರಿಂದ ಆಜ್ಞೆಗಳೆಲ್ಲ ಒಂದೊಂದೇ ಅಕ್ಷರ. ಅಕ್ಷರಗಳೆಲ್ಲ ಆಜ್ಞೆಗಳಾದರೆ ಬರೆಯುವುದು ಹೇಗೆ? ಮೊದಲು ಐ ಒತ್ತಿ, ಬರೆದು ಮುಗಿಸಿ, ಎಸ್ಕೇಪ್ ಒತ್ತಿ. ಆ ಟರ್ಮಿನಲ್‌ನಲ್ಲಿ ಎಸ್ಕೇಪ್ ಇದ್ದದ್ದು ಕ್ಯೂ ಪಕ್ಕದಲ್ಲೇ, ಕೈಗೆಟುಕುವಂತೆ. ಈಗ ಅದು ಮೂಲೆಗೆ ಸರಿದಿದೆ, ಪಾಪ ಕಿರುಬೆರಳು ಅಷ್ಟು ದೂರ ಹಾರಬೇಕು. ಫೈಲ್ ಉಳಿಸಲು ‘:’ ಒತ್ತಿದರೆ ಕರ್ಸರ್ ಕೆಳಗಿನ ಸಾಲಿಗಿಳಿದು ನಿಮ್ಮ ಮಾತಿಗೆ ಕಾಯುತ್ತದೆ. ಉಳಿಸದೆ ಹೊರಟರೆ ಎಚ್ಚರಿಸುತ್ತದೆ. ಎಡ್‌ಗೆ ಹೋಲಿಸಿದರೆ ಭಾರೀ ಉಪಚಾರ!

ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಒಂದು ತೊಡಕು ಉಳಿದಿದೆ. ಕನ್ನಡ ಕೀಲಿಮಣೆಯಲ್ಲೇ ಬರೆದು, ಎಸ್ಕೇಪ್ ಒತ್ತಿ, ಕೆಳಗಿಳಿಯಲು ಜೆ ಒತ್ತಿದರೆ ವಿಐಗೆ ತಲುಪುವುದು ‘ಜ’. ಅದಕ್ಕೆ ‘ಜ’ ಗೊತ್ತಿಲ್ಲ, ಕರ್ಸರ್ ಕದಲುವುದಿಲ್ಲ. ಪ್ರತಿ ಸಲವೂ ಇಂಗ್ಲಿಷ್‌ಗೆ ಬದಲಿಸಬೇಕು. ಒಂದೇ ಲಿಪಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಉಪಕರಣದ ಬಾಕಿಯನ್ನು ನಾವು ಈಗಲೂ ತೀರಿಸುತ್ತಿದ್ದೇವೆ.

ಈ ಸಂಚಿಕೆ ನಿಮಗೆ ಜಿಮೇಲ್‌ನಲ್ಲಿ ಬಂದಿದ್ದರೆ, ಕಂಪ್ಯೂಟರಿನಲ್ಲಿ ತೆರೆದು, ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ಶಾರ್ಟ್‌ಕಟ್ ಆನ್ ಮಾಡಿ ಜೆ ಒತ್ತಿ. ಪಟ್ಟಿಯಲ್ಲಿ ಕೆಳಗಿನ ಪತ್ರಕ್ಕೆ ಹೋಗುತ್ತೀರಿ. ಕೆ ಒತ್ತಿದರೆ ಮೇಲಿನದಕ್ಕೆ.