ಮರಳುಗಲ್ಲಿನಿಂದ ಬಳಪದ ಕಲ್ಲಿಗೆ

ಗದಗ ಜಿಲ್ಲೆಯ ನರೇಗಲ್ಲಿನಲ್ಲಿ ಕ್ರಿ.ಶ. 950ರಲ್ಲಿ ಗಂಗ ದೊರೆ ಪೆರ್ಮಾಡಿ ಬೂತುಗನ ರಾಣಿ ಪದ್ಮಬ್ಬರಸಿ ಬಸದಿಯೊಂದನ್ನು ಕಟ್ಟಿಸಿದಳು. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಪರವಾಗಿ ಹೋರಾಡಿದ ಬೂತುಗನಿಗೆ ಬೆಳ್ವೊಲ ಮೊದಲಾದ ನಾಡುಗಳು ದೊರೆತವೆಂದು ಆತಕೂರು ಶಾಸನ ತಿಳಿಸುತ್ತದೆ. ಗಂಗರ ರಾಣಿ ಈ ಸೀಮೆಯಲ್ಲಿ ಬಸದಿ ಕಟ್ಟಿಸಿದ್ದರ ಹಿನ್ನೆಲೆ ಇದು. ರಾಷ್ಟ್ರಕೂಟರ ಕಾಲದ ಬಹು ದೊಡ್ಡ ಕಟ್ಟಡಗಳ ಸಾಲಿನಲ್ಲಿ ನರೇಗಲ್ಲಿನ ಬಸದಿಗೆ ಸ್ಥಾನವಿದೆ.

ಇದೇ ಸೀಮೆಯ ಇಟಗಿಯಲ್ಲಿ 1112ರಲ್ಲಿ ದಂಡನಾಯಕ ಮಹಾದೇವ ಕಟ್ಟಿಸಿದ ದೇವಾಲಯವನ್ನು ನೋಡಿದರೆ ಬೇರೊಂದು ಲೋಕವೇ ಕಾಣುತ್ತದೆ. ಕನ್ನಡಿಯಂತೆ ಹೊಳೆಯುವ ಕಂಬಗಳು, ಕಸೂತಿಯಂಥ ಕುಸುರಿ. ಸುಮಾರು ನೂರ ಅರವತ್ತು ವರ್ಷಗಳಲ್ಲಿ ಇಷ್ಟು ವ್ಯತ್ಯಾಸ ಹೇಗಾಯಿತು?

ರಾಜವಂಶ ಬದಲಾಯಿತು, ಶೈಲಿಯೂ ಬದಲಾಯಿತು ಎಂಬುದು ರೂಢಿಯ ಉತ್ತರ. ಆದರೆ ಕಲ್ಯಾಣದ ಚಾಲುಕ್ಯರು ಅಧಿಕಾರಕ್ಕೆ ಬಂದದ್ದು 973ರಲ್ಲಿ. ಹೊಸ ಶೈಲಿಗೆ ನಾಂದಿಯೆನ್ನಲಾಗುವ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯ ಸುಮಾರು 1050ರದು. ನಡುವೆ ಮುಕ್ಕಾಲು ಶತಮಾನ ಉರುಳಿತ್ತು. ಅಣ್ಣಿಗೇರಿಯಲ್ಲಿ ಬದಲಾದದ್ದು ಕಲ್ಲು. ಮರಳುಗಲ್ಲಿನ ಬದಲು ಅಲ್ಲಿ ಬಳಪದ ಕಲ್ಲು ಬಂದಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1945ರಲ್ಲಿ ಲೋಹಶಾಸ್ತ್ರ ವಿಭಾಗ ಆರಂಭವಾಯಿತು. ಲೋಹದ ಜೊತೆಗೆ ಪಿಂಗಾಣಿ, ಪಾಲಿಮರುಗಳ ಅಧ್ಯಯನವೂ ಸೇರಿ ಇಂದು ಅದು ಮೆಟೀರಿಯಲ್ಸ್ ಎಂಜಿನಿಯರಿಂಗ್ ವಿಭಾಗವಾಗಿದೆ. ಸ್ನಾತಕೋತ್ತರ ವಿದ್ಯಾರ್ಥಿ ಈ ಶಾಸ್ತ್ರದಲ್ಲಿ ಮೊದಲು ಕಲಿಯುವ ಪಾಠ ಒಂದೇ: ವಸ್ತುವಿನ ಒಳರಚನೆ ಅದರ ಗುಣವನ್ನು ನಿರ್ಧರಿಸುತ್ತದೆ, ಆ ಗುಣ, ಅದನ್ನು ಹೇಗೆ ಹದಗೊಳಿಸಬಹುದು, ಯಾವುದಕ್ಕೆ ಬಳಸಬಹುದು ಎಂಬುದನ್ನು ತೀರ್ಮಾನಿಸುತ್ತದೆ. ನಮ್ಮ ಶಿಲ್ಪಿಗಳ ಕಲ್ಲುಗಳಿಗೂ ಈ ಪಾಠ ಅನ್ವಯಿಸುತ್ತದೆ.

ಮರಳುಗಲ್ಲು ಎಂದರೆ ಸ್ಫಟಿಕಶಿಲೆಯ ಕಣಗಳು ಅಂಟಿಕೊಂಡು ಆದ ಕಲ್ಲು. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಆ ಕಣದ ಸ್ಥಾನ 7. ಉಳಿ ಬೇಗ ಮೊಂಡಾಗುತ್ತದೆ. ತೀರ ನವಿರಾಗಿ ಕೆತ್ತಹೋದರೆ ಕಣವೇ ಕಿತ್ತುಬರುತ್ತದೆ. ಆದರೆ ದಪ್ಪ ಪದರಗಳಲ್ಲಿ ಸಿಗುವುದರಿಂದ ದೊಡ್ಡ ಚಪ್ಪಡಿ, ದಿಂಡುಗಳನ್ನು ಎಬ್ಬಿಸಬಹುದು. ವಿಶಾಲವಾದ ಗಂಭೀರ ಗೋಡೆಗಳಿಗೆ ಅದು ಒಪ್ಪುತ್ತದೆ.

ಬಳಪದ ಕಲ್ಲಿನಲ್ಲಿ ಕ್ಲೋರೈಟ್, ಟಾಲ್ಕ್‌ನಂಥ ಹಾಳೆಹಾಳೆಯಾದ ಖನಿಜಗಳಿವೆ. ಹಾಳೆಗಳ ನಡುವಿನ ಬಂಧ ದುರ್ಬಲ. ಟಾಲ್ಕ್‌ನ ಗಡಸುತನ ಕೇವಲ 1, ಕ್ಲೋರೈಟಿನದು ಸುಮಾರು 2. ಹಳೆಯ ಶಾಲಾಮಕ್ಕಳ ಬಳಪ ಸ್ಲೇಟಿನ ಮೇಲೆ ಸುಲಭವಾಗಿ ಸವೆದು ಅಕ್ಷರ ಮೂಡಿಸುತ್ತಿದ್ದುದು ಇಂಥ ಮೆತುತನದಿಂದಲೇ. ಇಂಥ ಕಲ್ಲಿನಲ್ಲಿ ಬಳ್ಳಿಯ ಸುರುಳಿಯನ್ನೂ ಬಿಡಿಸಬಹುದು, ಕಂಬವನ್ನು ತಿರುಗಿಸುತ್ತ ಕಡೆಯಬಹುದು, ಉಜ್ಜಿ ಹೊಳಪು ಕೊಡಬಹುದು. ಲಕ್ಕುಂಡಿ, ಇಟಗಿಗಳ ಕಡೆದ ಕಂಬಗಳು, ಮುಂದೆ ಬೇಲೂರು, ಹಳೇಬೀಡುಗಳ ಕುಸುರಿ ಇವೆಲ್ಲ ಈ ಕಲ್ಲಿನ ಕೊಡುಗೆ.

ಹಾಗೆಂದು ಕಲ್ಲೇ ಕಲೆಯನ್ನು ಸೃಷ್ಟಿಸಿತೆನ್ನಲಾಗದು. ಬಳಪದ ಕಲ್ಲು ನೆಲದಲ್ಲಿ ಮೊದಲಿನಿಂದಲೂ ಇತ್ತು. ಅದರ ಸ್ವಭಾವವನ್ನು ಅರಿತು, ಇದರಿಂದಲೂ ದೇಗುಲ ಕಟ್ಟಬಹುದೆಂದು ಧೈರ್ಯಮಾಡಿದ ಕೈಗಳು ಬೇಕಾಗಿದ್ದವು.

ಈ ಅರಿವು ಇಂದು ಜೀರ್ಣೋದ್ಧಾರದ ಹೊತ್ತಿನಲ್ಲಿ ಬಹಳ ಅಗತ್ಯ. ಹಳೆಯ ಮರಳುಗಲ್ಲಿನ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಹೊರಹೋಗದೆ ಕಲ್ಲಿನಲ್ಲೇ ನಿಲ್ಲುತ್ತದೆ. ಅದರೊಳಗಿನ ಲವಣ ಹರಳುಗಟ್ಟಿ, ಕಲ್ಲಿನ ಮೈ ಪುಡಿಪುಡಿಯಾಗಿ ಉದುರುತ್ತದೆ. ಭಕ್ತಿಯಿಂದ ಮಾಡಿದ ರಿಪೇರಿಯೇ ಶಿಲ್ಪವನ್ನು ತಿಂದುಹಾಕುತ್ತದೆ. ನಮ್ಮ ಊರೂರಿನ ಗುಡಿಗಳಲ್ಲಿ ಕರಣೆ ಹಿಡಿಯುವ ಮೊದಲು ಕಲ್ಲು ಯಾವುದೆಂದು ಕೇಳುವ ರೂಢಿ ಬಂದರೆ, ಸಾವಿರ ವರ್ಷ ನಿಂತದ್ದು ಇನ್ನಷ್ಟು ಕಾಲ ನಿಂತೀತು.