ಕಾನ್ವಿ: ಗೋಡೆಯೊಳಗಿನ ಊರು

ವೇಲ್ಸ್ ದೇಶದ ಉತ್ತರ ಕರಾವಳಿಯಲ್ಲಿ, ಕಾನ್ವಿ ನದಿ ಕಡಲನ್ನು ಸೇರುವ ಅಳಿವೆಯ ಪಶ್ಚಿಮ ದಡದಲ್ಲಿರುವ ಕಾನ್ವಿ ಪಟ್ಟಣವು, ಕೋಟೆಯ ಆಸರೆಯಲ್ಲಿ ನಿಧಾನವಾಗಿ ಬೆಳೆದ ಪೇಟೆಯಲ್ಲ. ಕೋಟೆ, ಊರು ಮತ್ತು ಊರಗೋಡೆ ಮೂರನ್ನೂ ಒಬ್ಬನೇ ಅರಸನು ಒಂದೇ ಹಂಚಿಕೆಯಲ್ಲಿ ಕಟ್ಟಿಸಿದ ನೆಲೆ. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ 1283ರಲ್ಲಿ ಈ ಸೀಮೆಯನ್ನು ಗೆದ್ದಾಗ ಇಲ್ಲಿ ಸಿಸ್ಟರ್ಸಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳ ಮಠವೊಂದಿತ್ತು. ವೇಲ್ಸ್‌ನ ಹಿರಿಯ ಅರಸು ಮಹಾ ಲೆವೆಲಿನ್‌ನನ್ನು ಹೂತಿದ್ದ ಆ ಮಠವನ್ನು ಕಣಿವೆಯ ಮೇಲ್ಭಾಗದ ಮೈನಾನಿಗೆ ಎಬ್ಬಿಸಿ, ಅದೇ ನೆಲದಲ್ಲಿ ತನ್ನ ಪಟ್ಟಣವನ್ನು ನಿಲ್ಲಿಸಿದ್ದು ಗೆದ್ದವನ ಲೆಕ್ಕಾಚಾರವೇ ಹೊರತು ಕೇವಲ ಆಯಕಟ್ಟಿನ ಜಾಗದ ಆಯ್ಕೆಯಲ್ಲ.

ಸವಾಯ್ ಸೀಮೆಯಿಂದ ಬಂದ ಸ್ಥಪತಿ ಸೇಂಟ್ ಜಾರ್ಜ್‌ನ ಜೇಮ್ಸ್‌ನ ಮೇಲ್ವಿಚಾರಣೆಯಲ್ಲಿ 1283ರಿಂದ 1287ರ ವರೆಗೆ ನಡೆದ ಈ ಕಟ್ಟಡ ಕಾರ್ಯಕ್ಕೆ ಸುಮಾರು 15,000 ಪೌಂಡ್ ವೆಚ್ಚವಾಯಿತು. ನೀಳವಾದ ಬಂಡೆಯ ಬೆನ್ನಿನ ಮೇಲೆ ಎಂಟು ದುಂಡು ಬುರುಜುಗಳ ಕೋಟೆ ಎದ್ದಿತು. ಅದಕ್ಕೆ ಹೊಂದಿಕೊಂಡು ಸುಮಾರು 1.3 ಕಿ.ಮೀ. ಉದ್ದದ, 21 ಬುರುಜುಗಳ, ಮೂರು ಹೆಬ್ಬಾಗಿಲುಗಳ ಗೋಡೆ ಊರನ್ನು ಸುತ್ತುವರಿಯಿತು. ಈ ಗೋಡೆಯೊಳಗೆ ಇಂಗ್ಲಿಷ್ ವಲಸಿಗರನ್ನು ತಂದು ನೆಲೆಗೊಳಿಸಲಾಯಿತು, ನೆಲದ ಮಕ್ಕಳಾದ ವೇಲ್ಸ್‌ನವರಿಗೆ ಒಳಗೆ ವಾಸದ ಹಕ್ಕು ಇರಲಿಲ್ಲ.

ಆದರೂ ಗೋಡೆ ಅಭೇದ್ಯವಾಗಿ ಉಳಿಯಲಿಲ್ಲ. 1294–95ರ ಚಳಿಗಾಲದಲ್ಲಿ ವೇಲ್ಸ್‌ನ ನಾಯಕ ಮಡೋಗ್ ಆಪ್ ಲೆವೆಲಿನ್ ದಂಗೆಯೆದ್ದಾಗ ಸ್ವತಃ ಎಡ್ವರ್ಡನೇ ಇದರೊಳಗೆ ಸಿಕ್ಕಿಬಿದ್ದನು. 1401ರ ಶುಭ ಶುಕ್ರವಾರದಂದು, ಕಾವಲಿನವರಲ್ಲಿ ಬಹುಪಾಲು ಪ್ರಾರ್ಥನೆಗೆ ಹೋಗಿದ್ದಾಗ, ವೇಲ್ಸ್‌ನ ಟ್ಯೂಡರ್ ಸೋದರರ ಕಡೆಯವರು ಬಡಗಿಗಳ ಸೋಗಿನಲ್ಲಿ ನುಗ್ಗಿ ಕೋಟೆಯನ್ನು ವಶಪಡಿಸಿಕೊಂಡರು.

ಮಲಗುವ ಜಾಗ, ಒಲೆ, ನೀರಿನ ತೊಟ್ಟಿ ಮತ್ತು ಶೌಚದ ಅನುಕೂಲವನ್ನು ಒಡಲಲ್ಲೇ ಹೊತ್ತು ಸಾಗುವ ಮೋಟಾರ್‌ಹೋಮ್‌ನಲ್ಲಿ ಇಲ್ಲಿಗೆ ಬರುವ ಇಂದಿನ ಪ್ರವಾಸಿಗೆ ಈ ಗೋಡೆಯ ಬಿಗಿ ಬೇಗನೆ ಅರಿವಾಗುತ್ತದೆ. ಹಳೆಯ ಹೆಬ್ಬಾಗಿಲುಗಳೂ, ರಸ್ತೆಗಾಗಿ 19ನೇ ಶತಮಾನದಲ್ಲಿ ಕೊರೆದ ಕಮಾನುಗಳೂ ಇಕ್ಕಟ್ಟಾಗಿರುವುದರಿಂದ, ದೊಡ್ಡ ವಾಹನವನ್ನು ಗೋಡೆಯ ಹೊರಗೆ ನಿಲ್ಲಿಸಿ ನಡೆದು ಒಳಹೋಗುವುದೇ ಜಾಣತನ. ನದಿದಂಡೆಯ ಧಕ್ಕೆಯಲ್ಲಿ, ಬ್ರಿಟನ್ನಿನ ಅತಿ ಚಿಕ್ಕ ಮನೆಯೆಂದು ಹೆಸರಾದ ಕೆಂಪು ಬಣ್ಣದ ಮನೆಯ ಅಗಲ ಸುಮಾರು 1.8 ಮೀಟರ್ ಮಾತ್ರ. ಸಾಮಾನ್ಯ ಮೋಟಾರ್‌ಹೋಮ್‌ನ ಅಗಲ ಅದಕ್ಕಿಂತ ಹೆಚ್ಚು. ಆ ಪುಟ್ಟ ಮನೆಯಲ್ಲೇ 1900ರ ವರೆಗೂ ಜನ ಬಾಳಿದ್ದರು.

ಗೋಡೆಯ ದಕ್ಷಿಣ ಭಾಗದಲ್ಲಿ, ಮಿಲ್ ಗೇಟ್ ಬಳಿ, ಒಂದೇ ಸಾಲಿನಲ್ಲಿ 12 ಶೌಚಗೂಡುಗಳು ಹೊರಕ್ಕೆ ಚಾಚಿಕೊಂಡಿವೆ. ಅರಸನ ಪರಿವಾರದ ಕಚೇರಿಗಳ ಸಿಬ್ಬಂದಿಗಾಗಿ ಮಾಡಿದ ಈ ಕಲ್ಲಿನ ಗೂಡುಗಳಿಂದ ಮಲ ನೇರವಾಗಿ ಗೋಡೆಯಾಚೆ ಬೀಳುತ್ತಿತ್ತು. ತನ್ನ ಗಾಡಿಯ ಶೌಚದ ಡಬ್ಬಿಯನ್ನು ಎಲ್ಲಿ ಬರಿದು ಮಾಡುವುದೆಂದು ದಿನವೂ ಚಿಂತಿಸುವ ಪ್ರವಾಸಿಗೆ ಎಡ್ವರ್ಡನ ಸಿಬ್ಬಂದಿಯ ಮೇಲೆ ಕೊಂಚ ಅಸೂಯೆ ಮೂಡಿದರೆ ಅಚ್ಚರಿಯಿಲ್ಲ. ಊರೊಳಗೆ, 1576ರಿಂದ 1585ರ ನಡುವೆ ರಾಬರ್ಟ್ ವಿನ್ ಕಟ್ಟಿಸಿದ ಪ್ಲಾಸ್ ಮಾರ್ ಎಂಬ ದೊಡ್ಡ ಮನೆ, ಗಾರೆಯ ಉಬ್ಬು ಚಿತ್ತಾರಗಳಿಂದಾಗಿ ನೋಡತಕ್ಕದ್ದು.

ನದಿ ದಾಟುವ ಬಗೆ ಬದಲಾದಂತೆಲ್ಲ ಊರಿನ ಪಾಡೂ ಬದಲಾಯಿತು. ಥಾಮಸ್ ಟೆಲ್ಫರ್ಡ್ 1826ರಲ್ಲಿ ಮುಗಿಸಿದ ತೂಗುಸೇತುವೆ ಕೋಟೆಯ ಬುಡಕ್ಕೇ ಬಂದು ಮುಟ್ಟುತ್ತದೆ. ಅದರ ಕಂಬಗಳಿಗೆ ಬುರುಜಿನ ರೂಪವನ್ನೂ ತೆನೆಯನ್ನೂ ಕೊಡಲಾಗಿದೆ. ರಾಬರ್ಟ್ ಸ್ಟೀಫನ್‌ಸನ್ನನ ಕೊಳವೆಯಾಕಾರದ ರೈಲು ಸೇತುವೆ 1848ರಲ್ಲಿ ಪಕ್ಕಕ್ಕೆ ಬಂದಿತು, ಹಳಿಗಾಗಿ ಊರಗೋಡೆಯನ್ನೂ ಕೊರೆಯಲಾಯಿತು. ಮೋಟಾರು ಬಂದ ಮೇಲೆ ಕರಾವಳಿಯ ಹೆದ್ದಾರಿಯ ವಾಹನಗಳೆಲ್ಲ ಈ ಇಕ್ಕಟ್ಟಿನ ಮೂಲಕವೇ ಸಾಗಬೇಕಾಗಿ, ಬೇಸಿಗೆಯಲ್ಲಿ ಊರು ಉಸಿರುಗಟ್ಟುತ್ತಿತ್ತು. 1991ರಲ್ಲಿ ಅಳಿವೆಯ ತಳದಲ್ಲಿ ಸುರಂಗ ತೆರೆದ ಬಳಿಕವೇ ಅದು ತಪ್ಪಿದ್ದು. ಬೇರೆಡೆ ಸಿದ್ಧಪಡಿಸಿದ ಕಾಂಕ್ರೀಟಿನ ತುಂಡುಗಳನ್ನು ತೇಲಿಸಿ ತಂದು ಮುಳುಗಿಸಿ ಜೋಡಿಸಿದ ಈ ಸುರಂಗ, ಆ ಬಗೆಯದರಲ್ಲಿ ಬ್ರಿಟನ್ನಿನಲ್ಲೇ ಮೊದಲನೆಯದು. ಇನ್ನೊಂದು ಸೇತುವೆ ಕಟ್ಟದೆ ಸುರಂಗಕ್ಕೆ ಹಣ ಸುರಿದ ನಿರ್ಧಾರವೇ ಕೋಟೆಯ ನೋಟವನ್ನು ಉಳಿಸಿತು ಎನ್ನಬೇಕು.

1986ರಲ್ಲಿ ಯುನೆಸ್ಕೊ ಕಾನ್ವಿಯ ಕೋಟೆ ಮತ್ತು ಊರಗೋಡೆಗಳನ್ನು, ಕೆರ್ನಾರ್ವನ್, ಹಾರ್ಲೆಕ್, ಬೊಮಾರಿಸ್‌ಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದೇ ದಿನದ ಬಿಡುವಿರುವವರು ಕೋಟೆಗಿಂತ ಮೊದಲು ಗೋಡೆಯನ್ನೇ ಹತ್ತುವುದು ಮೇಲು: ಪಶ್ಚಿಮದ ಎತ್ತರದ ಬುರುಜಿನಿಂದ ಕೋಟೆ, ಊರು, ಅಳಿವೆ, ಸೇತುವೆಗಳೆಲ್ಲ ಒಂದೇ ನೋಟಕ್ಕೆ ದಕ್ಕುತ್ತವೆ.