ಹರಕೆ ತಂದೆಯದು, ಬದುಕು ಮಗಳದು

ತಾಯಿಯಿಲ್ಲದ ಮನೆ, ಹಾಸಿಗೆ ಹಿಡಿದ ಮಗಳು, ರಾತ್ರಿಯಿಡೀ ಎಚ್ಚರವಿರುವ ತಂದೆ. ಇಂಥ ಕಾದಂಬರಿಯನ್ನು ನೀವು ಓದಿರಬಹುದು. ಮಗಳು ಕಣ್ಣು ತೆರೆಯುತ್ತಾಳೆ, ಕಥೆ ಮುಗಿಯುತ್ತದೆ, ನಮ್ಮ ಮನಸ್ಸು ಹಗುರಾಗುತ್ತದೆ. ಆದರೆ ಬೆಳಗಾವಿ ಜಿಲ್ಲೆಯ ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ಸೀಮೆಯ ಕೆಲವು ಬಡಮನೆಗಳಲ್ಲಿ ಮಗಳು ಗುಣವಾದ ದಿನವೇ ಅವಳ ಕಷ್ಟ ಆರಂಭವಾಗುತ್ತಿತ್ತು.

ಸವದತ್ತಿಯ ಯಲ್ಲಮ್ಮನ ಗುಡ್ಡದ ಐತಿಹ್ಯವೂ ಕಾಯಿಲೆಯದೇ. ಪತಿ ಜಮದಗ್ನಿಯ ಶಾಪದಿಂದ ಮೈಯೆಲ್ಲ ರೋಗವಾದ ರೇಣುಕೆಯನ್ನು ಎಕ್ಕಯ್ಯ, ಜೋಗಯ್ಯರು ಉಪಚರಿಸಿದರು. ಜೋಗುಳಬಾವಿಯಲ್ಲಿ ಮಿಂದು ಅವಳು ಗುಣವಾದಳು ಎನ್ನುತ್ತಾರೆ. ಆದ್ದರಿಂದಲೇ ಚರ್ಮರೋಗವಿರಲಿ, ಸಿಡುಬಿರಲಿ, ಜನ ಗುಡ್ಡಕ್ಕೆ ಹರಕೆ ಹೊತ್ತರು. ಹೆಚ್ಚಿನವರದು ಪರಡಿ ತುಂಬುವ ಹರಕೆ. ಕೆಲವರು ಮಾತ್ರ ಮಗಳನ್ನೇ ದೇವಿಗೆ ಬಿಡುವುದಾಗಿ ನುಡಿದರು. ಇವರಲ್ಲಿ ಬಹುಪಾಲು ದಲಿತ ಕುಟುಂಬಗಳು. ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಮದುವೆಯಿಲ್ಲ. ಅವಳ ಮಕ್ಕಳಿಗೆ ತಂದೆಯ ಹೆಸರಿಲ್ಲ. ಗಂಡುಮಕ್ಕಳಿಲ್ಲದ ತಂದೆಗೆ ಇನ್ನೊಂದು ಲೆಕ್ಕವೂ ಇತ್ತು: ಅವಳು ಮಗನಂತೆ ಮನೆಯಲ್ಲೇ ಉಳಿದು ಮುಪ್ಪಿನಲ್ಲಿ ಆಸರೆಯಾಗುತ್ತಿದ್ದಳು.

ಹರಕೆ ಫಲಿಸಿತೆಂದು ಜನ ನಂಬಿದ್ದೇಕೆ? ಸಿಡುಬು ತಗಲಿದ ನೂರರಲ್ಲಿ ಸುಮಾರು 30 ಮಂದಿ ಸಾಯುತ್ತಿದ್ದರು. ಉಳಿದವರ ಹಕ್ಕಳೆ ಮೂರು ನಾಲ್ಕು ವಾರಗಳಲ್ಲಿ ತಾನಾಗಿಯೇ ಉದುರುತ್ತಿತ್ತು. ಹರಕೆ ಹೊತ್ತದ್ದು ರೋಗ ಏರಿದಾಗ. ರೋಗ ಇಳಿದದ್ದು ತನ್ನ ಸ್ವಭಾವದಿಂದ. ಉಳಿದ ಮಗು ಹರಕೆಯ ಸಾಕ್ಷಿಯಾಯಿತು. ಸತ್ತ ಮಕ್ಕಳಿಗೂ ಹೊತ್ತಿದ್ದ ಹರಕೆಗಳನ್ನು ಯಾರೂ ಎಣಿಸಲಿಲ್ಲ. ಎಣ್ಣೆ, ಬಾಚಣಿಗೆ ಕಾಣದೆ ಗಂಟಾದ ಕೂದಲು ಕೂಡ 'ಜಟೆ'ಯೆನಿಸಿ, ದೇವಿಯ ಕರೆಯಾಯಿತು.

ಇದು ಬದಲಾದದ್ದು ನಿಧಾನವಾಗಿ. ಮುಂಬಯಿ ಪ್ರಾಂತ್ಯದಲ್ಲಿ 1934ರಲ್ಲಿ ದೇವದಾಸಿ ಸಂರಕ್ಷಣಾ ಕಾಯ್ದೆ ಬಂದಿತು. ಆದರೆ ರಾಮದುರ್ಗ ಆಗ ಸಂಸ್ಥಾನ. ಪ್ರಾಂತ್ಯದ ಕಾನೂನು ಅದರ ಗಡಿಯಲ್ಲೇ ನಿಲ್ಲುತ್ತಿತ್ತು. ಲಸಿಕೆಯ ಫಲವಾಗಿ ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1982ರಲ್ಲಿ ಕರ್ನಾಟಕ ದೇವದಾಸಿ ನಿಷೇಧದ ಕಾಯ್ದೆ ಮಾಡಿತು. ಅದರ ಒಂದು ಅಂಶವನ್ನು ನೀವು ಗಮನಿಸಬೇಕು. ಹೊರಗಿನವರು ಹುಡುಗಿಯನ್ನು ದೇವರಿಗೆ ಬಿಟ್ಟರೆ ಗರಿಷ್ಠ 3 ವರ್ಷ ಸಜೆಯಿತ್ತು. ಹೆತ್ತವರು ಅಥವಾ ಬಂಧುಗಳೇ ಬಿಟ್ಟರೆ ಕನಿಷ್ಠ 2, ಗರಿಷ್ಠ 5 ವರ್ಷ. ಹುಡುಗಿಗೆ ಅಪಾಯ ಹೊರಗಿಗಿಂತ ಮನೆಯೊಳಗೇ ಹೆಚ್ಚು ಎಂಬುದನ್ನು ಕಾನೂನು ಅರಿತಿತ್ತು. 1997ರಲ್ಲಿ ಘಟಪ್ರಭೆಯಲ್ಲಿ ಮಾಜಿ ದೇವದಾಸಿಯರೇ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿಕೊಂಡರು. ತಮಗಾದದ್ದು ತಮ್ಮ ಹೆಣ್ಣುಮಕ್ಕಳಿಗೆ ಆಗಬಾರದೆಂಬುದೇ ಅವರ ಹಟ.

ಆ ತಂದೆಯರು ಕ್ರೂರಿಗಳೇ? ಎಲ್ಲರನ್ನೂ ಹಾಗೆನ್ನಲಾಗದು. ವೈದ್ಯರಿಲ್ಲದ ಊರಿನಲ್ಲಿ, ಕೈಯಲ್ಲಿ ಕಾಸಿಲ್ಲದೆ, ಕಣ್ಣೆದುರು ಕೂಸು ನರಳುವಾಗ ಅವರಲ್ಲಿ ಎಷ್ಟೋ ಮಂದಿ ಪ್ರೀತಿಯಿಂದಲೇ ಹರಕೆ ಹೊತ್ತರು. ಆ ಪ್ರೀತಿಯ ಸಾಲವನ್ನು ಮಗಳು ಜೀವನವಿಡೀ ತೀರಿಸಬೇಕಾಯಿತು.

ಬನದ ಹುಣ್ಣಿಮೆಗೆ ನೀವು ಗುಡ್ಡಕ್ಕೆ ಹೋದರೆ, 'ಉಧೋ ಉಧೋ' ಎನ್ನುತ್ತ ಮಗಳನ್ನು ಹೆಗಲೇರಿಸಿಕೊಂಡ ತಂದೆಯರನ್ನು ಕಾಣುವಿರಿ. ದವಾಖಾನೆಗೆ ತೋರಿಸಿ, ಪರಡಿ ತುಂಬಿ, ಮಗಳನ್ನು ಮರಳಿ ಶಾಲೆಗೆ ಕಳಿಸಲಿ. ಹರಕೆ ಹೊತ್ತವನೇ ಅದನ್ನು ತೀರಿಸಲಿ.